ಬಚ್ಚಲಿನ ಕೊಕ್ಕರೆ

ಮೊನ್ನೆ ಮಳೆ ಹಿಡಿದ ಸಂಜೆ ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಸುಬ್ಬರಾಯರು ಮನೆಗೆ ಬಂದಿದ್ದರು. ಕುಂಬಾರರ ಮನೆಯಲ್ಲಿ ಕೂತು ಕಾಫಿ ಕುಡಿಯುವ ಧೈರ್ಯವಿರುವ ಮನುಷ್ಯ. ಅಗ್ರಹಾರದಲ್ಲಿ ಗೊತ್ತಾದರೆ ತಮಗೆ ಇನ್ನೊಂದು ಸ್ನಾನ ಮಾಡಿಸುತ್ತಾರೆಂದು ತಾವೇ ಹೇಳಿಕೊಂಡು ನಗುತ್ತಾರೆ. ಆ ಸ್ನಾನಕ್ಕೆ ಮುಂಗಡ ಕೊಟ್ಟ ಹಾಗೆ, ಅವರು ಲೋಟ ಬಾಯಿಗೆತ್ತುವಷ್ಟರಲ್ಲಿ ಸೂರಿನಿಂದ ಒಂದು ಹನಿ ನೆಟ್ಟಗೆ ಕಾಫಿಯೊಳಕ್ಕೇ ಬಿತ್ತು. ಮೇಲೆ ನೋಡಿದರು. ಇನ್ನೊಂದು ಹನಿ ಕನ್ನಡಕದ ಮೇಲೆ ಬಿತ್ತು. ಲೆಕ್ಕದ ಮೇಷ್ಟ್ರಿಗೆ ಎರಡು ಹನಿ ಧಾರಾಳವಾಯಿತು. ಮೂರನೆಯದು ಎಲ್ಲಿಂದ ಬರುತ್ತದೆಂದು ಲೆಕ್ಕ ಹಾಕಿ, ಮಣೆಯ ಮೇಲೆ ಹತ್ತಿ, ಕೊಡೆಯ ತುದಿಯಿಂದ ಆ ಜರುಗಿದ ಹೆಂಚನ್ನು ಸರಿಮಾಡಲು ಕೈ ಎತ್ತಿದರು. ನಾನು ಹಾರಿ ಅವರ ಕೈ ಹಿಡಿದುಕೊಂಡೆ.

ಅವರಿಗೆ ಸೋಜಿಗವಾಯಿತು. ಕುಂಬಾರಕೊಪ್ಪಲಿನಲ್ಲಿ ಕುಂಬಾರರ ಮನೆ ಸೋರುವುದೆಂದರೆ ಹಲವಾಯಿಯ ಮನೆಯಲ್ಲಿ ಬೆಲ್ಲಕ್ಕೆ ಬರ ಬಂದ ಹಾಗಲ್ಲವೇ ಎಂದರು. ಈ ಓಬೀರಾಯನ ಕಾಲದ ನಾಡಹೆಂಚನ್ನು ಇಳಿಸಿ ಮಂಗಳೂರು ಹೆಂಚು ಹಾಕಿಸಿ ಎಂದು ಉಪದೇಶ ಮಾಡಿದರು. ಆಮೇಲೆ ಕನ್ನಡಕ ತೊಳೆಯಲು ಬಚ್ಚಲಿಗೆ ಹೋದವರು ಇನ್ನೊಂದು ಪ್ರಶ್ನೆ ಹೊತ್ತುಕೊಂಡು ಬಂದರು. ಬಚ್ಚಲಲ್ಲೊಂದು ಮಂಗಳೂರು ಹೆಂಚು ಬೋರಲಾಗಿ ಬಿದ್ದಿದೆಯಲ್ಲ, ಸೂರಿನ ಮೇಲೆ ಇರಬೇಕಾದದ್ದು ಕಾಲಡಿಯಲ್ಲಿ ಏಕಿದೆ?

ಎರಡು ಪ್ರಶ್ನೆಗೂ ಒಂದೇ ಉತ್ತರ. ಆದರೆ ಅದು ಸ್ವಲ್ಪ ಉದ್ದ. ಅವರನ್ನು ಹನಿ ಬೀಳದ ಕಡೆ ಕೂರಿಸಿ ಹೇಳಿದೆ. ನೀವೂ ಸ್ವಲ್ಪ ಈಚೆಗೆ ಸರಿದು ಕೂತುಕೊಳ್ಳಿ.

ಆ ಬಚ್ಚಲಿನ ಹೆಂಚಿನ ಬೆನ್ನ ಮೇಲೆ ಒಂಟಿ ಕಾಲಲ್ಲಿ ನಿಂತ ಒಂದು ಕೊಕ್ಕರೆಯ ಮುದ್ರೆ ಇದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು. ಕೊಕ್ಕು ಹೋಗಿದೆ, ಕಾಲು ಹೋಗಿದೆ, ಹೊಟ್ಟೆಯ ಉಬ್ಬು ಮಾತ್ರ ಉಳಿದಿದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಕೋಡಿಬೈಲು ಎಂಬ ಊರ ಹೆಸರಿದ್ದದ್ದು ನನಗೆ ಗೊತ್ತು, ಈಗ ಓದಲು ಬರುವುದಿಲ್ಲ. ಇವನ್ನೆಲ್ಲ ಅಳಿಸಿದ್ದು ನಮ್ಮವ್ವನ ಹಿಮ್ಮಡಿ. ನಾನು ಕಂಡಂತೆ ಇಪ್ಪತ್ತೈದು ವರ್ಷದಿಂದ ಅವ್ವ ಬೆಳಗ್ಗೆ ಸಂಜೆ ಆ ಕೊಕ್ಕರೆಯ ಮೇಲೆ ಹಿಮ್ಮಡಿ ಉಜ್ಜುತ್ತಾ ಬಂದಿದ್ದಾಳೆ. ಕೊಪ್ಪಲಿನ ಹೆಂಗಸರ ಪೈಕಿ ಅಷ್ಟು ನುಣುಪಾದ ಹಿಮ್ಮಡಿ ಇನ್ನೊಬ್ಬರಿಗಿಲ್ಲ.

ನಾನು ಹುಡುಗನಾಗಿದ್ದಾಗ ಮೈಸೂರಿನ ತಲೆಯ ಮೇಲೆಲ್ಲ ನಮ್ಮ ಕೊಪ್ಪಲೇ ಕೂತಿತ್ತು. ದೊಡ್ಡ ದೊಡ್ಡ ಬಂಗಲೆಗಳ ಮಾತು ಬಿಡಿ. ಸಂತೆಪೇಟೆ, ಅಗ್ರಹಾರ, ಗಲ್ಲಿ ಗಲ್ಲಿಗಳ ಸೂರಿನ ಮೇಲೆಲ್ಲ ನಮ್ಮವರ ಕೈಹೆಂಚು. ನಾಡಹೆಂಚು ಮಾಡುವುದನ್ನು ನೀವು ನೋಡಿದ್ದೀರೋ ಇಲ್ಲವೋ. ತಿರುಗುವ ತಿಗುರಿಯ ಮೇಲೆ ಮಣ್ಣನ್ನು ಕೊಳವೆಯ ಹಾಗೆ ಎತ್ತುತ್ತಾರೆ. ಸ್ವಲ್ಪ ಆರಿದ ಮೇಲೆ ಅದನ್ನು ಉದ್ದಕ್ಕೆ ಸೀಳಿದರೆ ಒಂದು ಕೊಳವೆಗೆ ಎರಡು ಹೆಂಚು, ಅಣ್ಣತಮ್ಮಂದಿರು ಪಾಲಾದ ಹಾಗೆ. ಬೀದಿಯುದ್ದಕ್ಕೂ ಅವನ್ನು ಒಣಗಲು ಹರಡುತ್ತಿದ್ದರು. ಅದರ ಮೇಲೆ ಯಾರದೋ ಮೇಕೆ ಗಂಭೀರವಾಗಿ ನಡೆದು ಹೋಗುತ್ತಿತ್ತು. ಹಸಿ ಹೆಂಚಿನ ಮೇಲೆ ಬಿದ್ದ ಗೊರಸಿನ ಗುರುತು ಆವಿಗೆಯಲ್ಲಿ ಬೆಂದು ಶಾಶ್ವತವಾಗುತ್ತಿತ್ತು. ಎಷ್ಟು ಜನ ವಕೀಲರೂ ಶಾನುಭೋಗರೂ ಕೊಪ್ಪಲಿನ ಮೇಕೆಯ ಪಾದದ ಕೆಳಗೆ ಮಲಗಿ ಎದ್ದರೋ ಅವರಿಗೇ ಗೊತ್ತಿಲ್ಲ.

ನನ್ನನ್ನೂ ಅಪ್ಪ ತಿಗುರಿಯ ಮುಂದೆ ಕೂರಿಸಿದ್ದರು. ನಾನೆತ್ತಿದ ಕೊಳವೆ ಮೊದಲು ಬಲಕ್ಕೆ ವಾಲುತ್ತಿತ್ತು, ಆಮೇಲೆ ಎಡಕ್ಕೆ ವಾಲುತ್ತಿತ್ತು, ಕೊನೆಗೆ ಕುಳಿತುಬಿಡುತ್ತಿತ್ತು. ಇವನ ಹೆಂಚು ಕೋಳಿಗೂಡಿಗೂ ಆಗುವುದಿಲ್ಲ ಎಂದು ತೀರ್ಮಾನವಾದ ಮೇಲೆ ನನ್ನನ್ನು ಇಸ್ಕೂಲಿಗೆ ಹಾಕಿದರು. ನಾನು ವಿದ್ಯಾವಂತನಾದ ಕಥೆ ಇಷ್ಟೇ.

ಆ ಕಾಲಕ್ಕೇ ರೈಲಿನಲ್ಲಿ ಮಂಗಳೂರು ಹೆಂಚು ಬರಲು ಶುರುವಾಯಿತು. ಕೆಂಪಗೆ, ಚಪ್ಪಟೆಯಾಗಿ, ಎಲ್ಲವೂ ಒಂದೇ ಅಚ್ಚು. ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರುವ ಹೆಂಚು. ಕೋತಿ ಕುಣಿದರೂ ಜರುಗುವುದಿಲ್ಲ, ಸೋರುವುದಿಲ್ಲ. ನಮ್ಮ ನಾಡಹೆಂಚಿಗೆ ವರ್ಷಾವರ್ಷ ಮಳೆಗಾಲದ ಮುಂಚೆ ಕೈಯಾಡಿಸಬೇಕು. ಅಂದರೆ ಯಾರಾದರೂ ಸೂರು ಹತ್ತಿ, ಒಡೆದದ್ದನ್ನು ತೆಗೆದು, ಜರುಗಿದ್ದನ್ನು ಸರಿಸಿ, ಸಾಲು ಸಾಲಾಗಿ ಮತ್ತೆ ಜೋಡಿಸಬೇಕು. ಆ ಕೆಲಸ ಯಾರಿಗೆ ಬೇಕು? ಜನ ಹೊಸ ಹೆಂಚಿಗೆ ಹೋದರು. ನಾನು ಸುಳ್ಳು ಹೇಳುವುದಿಲ್ಲ, ಅದು ಒಳ್ಳೆಯ ಹೆಂಚೇ. ಆದರೆ ಲೋಕದಲ್ಲಿ ಒಳ್ಳೆಯದೆಲ್ಲ ನಮ್ಮ ತಲೆಯ ಮೇಲೇ ಬಂದು ಕೂರಬೇಕೆಂದು ಯಾರು ಹೇಳಿದರು? ಕೊಪ್ಪಲಿನಲ್ಲಿ ಒಂದೊಂದಾಗಿ ಆವಿಗೆ ಆರಿತು. ಹೆಂಚು ಮಾಡುವವರು ಹೂಕುಂಡ ಮಾಡಿದರು, ಹೂಜಿ ಮಾಡಿದರು, ಕೂಲಿಗೆ ಹೋದರು.

ಅವ್ವನ ತಮ್ಮ ನಂಜುಂಡ ಮಾವ ಆಗ ಇನ್ನೂ ಹರೆಯದವನು. ಅವನ ಹೆಂಚನ್ನು ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆಂದು ಕೊಪ್ಪಲೆಲ್ಲ ಹೊಗಳುತ್ತಿತ್ತು. ಒಂದು ದಿನ ಮುಚ್ಚುಕೋಟು ಹಾಕಿದ ಒಬ್ಬ ಮನುಷ್ಯ ಬಂದ. ಪಶ್ಚಿಮ ಕರಾವಳಿಯ ಕೋಡಿಬೈಲು ಎಂಬ ಬಂದರಿನಲ್ಲಿ ಹೊಸ ಹೆಂಚಿನ ಕಾರ್ಖಾನೆಯಂತೆ, ಮಣ್ಣೂ ಬೆಂಕಿಯೂ ತಿಳಿದವರು ಬೇಕಂತೆ. ಮಾವ ಗಂಟು ಕಟ್ಟಿದ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

‘ನಮ್ಮ ಒಲೆ ಆರ್ಸೋರ ಮನೆಗೆ ಸೌದೆ ಒಟ್ಟಕ್ಕೆ ಹೋಯ್ತಿದ್ದೀಯ. ಹೋಗು. ಈ ಕೊಪ್ಪಲಿಗೆ ಇನ್ನು ಕಾಲಿಕ್ಬೇಡ.’

ಮಾವನೂ ಅವಳ ಒಡಹುಟ್ಟೇ ತಾನೆ. ‘ಈ ಮಾತಾಡಿದ ಬಾಯೇ ಬಾ ಅನ್ನೋಗಂಟ ಇಕ್ಕಲ್ಲ ಕಣಕ್ಕ’ ಎಂದು ಹೊರಟುಬಿಟ್ಟ.

ಮುಂದಿನ ವರ್ಷ ಆ ಕಡೆಯಿಂದ ಬಂದ ಗಾಡಿಯವನೊಬ್ಬ ಹುಲ್ಲಿನಲ್ಲಿ ಸುತ್ತಿದ ಒಂದು ಹೆಂಚು ತಂದುಕೊಟ್ಟ. ಮಾವನೇ ಬೆಂಕಿ ನೋಡಿಕೊಂಡು ಬೇಯಿಸಿದ ಮೊದಲ ಹೆಂಚು, ಅಕ್ಕನಿಗೆ ಕೊಡು ಎಂದು ಕಳಿಸಿದ್ದನಂತೆ. ಅವ್ವ ಅದನ್ನು ಒಡೆಯಲಿಲ್ಲ, ಬಿಸಾಡಲೂ ಇಲ್ಲ. ಇದರ ಜಾಗ ತಲೆಯ ಮೇಲಲ್ಲ, ಕಾಲ ಕೆಳಗೆ ಎಂದು ಬಚ್ಚಲಿಗೆ ಹಾಕಿದಳು. ಅಂದಿನಿಂದ ಕೊಕ್ಕರೆಗೆ ದಿನಕ್ಕೆರಡು ಸಲ ಶಿಕ್ಷೆ. ಆದರೆ ನಾನೊಮ್ಮೆ ನೀರು ಹೋಗಲು ಅಡ್ಡವಾಯಿತೆಂದು ಅದನ್ನು ಹೊರಗಿಟ್ಟಾಗ ನನಗೆ ಬಿದ್ದ ಬೈಗುಳ ಕೊಕ್ಕರೆಗೂ ಎಂದೂ ಬಿದ್ದಿರಲಿಲ್ಲ.

ಹೀಗೇ ವರ್ಷಗಳು ಹೋದವು. ಅಪ್ಪ ತೀರಿಕೊಂಡರು. ನಾನು ಮೇಷ್ಟ್ರಾದೆ. ಭೂಗೋಳವನ್ನೂ ಪಾಠ ಮಾಡುತ್ತಿದ್ದೆ. ಸಮುದ್ರ ಎಂದರೇನೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವನು ಕಾರಂಜಿ ಕೆರೆಗಿಂತ ದೊಡ್ಡ ನೀರು ಕಂಡಿರಲಿಲ್ಲ. ಅಷ್ಟರಲ್ಲಿ ನನ್ನ ತಂಗಿ ಗೌರಿಗೆ ಗಂಡು ಗೊತ್ತಾಯಿತು.

ನಮ್ಮ ಕಡೆಯ ಮದುವೆಗೆ ಐರಾಣಿ ಮಡಕೆ ಬೇಕೇ ಬೇಕು, ನಿಮಗೆ ಗೊತ್ತು. ಹೆಂಗಸರು ವಾದ್ಯ ಸಮೇತ ಕುಂಬಾರರ ಮನೆಗೆ ಬಂದು, ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆದ ಹೊಸ ಮಡಕೆಗಳನ್ನು ಹೊತ್ತುಕೊಂಡು ಹೋಗಿ ಚಪ್ಪರದಲ್ಲಿ ಇಟ್ಟು ಪೂಜೆ ಮಾಡುತ್ತಾರೆ. ಊರವರೆಲ್ಲ ಕುಂಬಾರರ ಮನೆಗೆ ಬಂದರೆ ಕುಂಬಾರರು ಎಲ್ಲಿಗೆ ಹೋಗಬೇಕು? ನಮ್ಮ ಮನೆತನದಲ್ಲಿ ಅದಕ್ಕೊಂದು ಕಟ್ಟಳೆ ಇದೆ. ಮದುವಣಗಿತ್ತಿಯ ಸೋದರಮಾವನೇ ತನ್ನ ಕೈಯಾರೆ ಆ ಮಡಕೆಗಳನ್ನು ಮಾಡಬೇಕು. ಅವು ಬಂದಲ್ಲದೆ ಚಪ್ಪರದ ಕಂಬ ನೆಡುವಂತಿಲ್ಲ.

ಹಿರಿಯರು ಸೇರಿ ದಾರಿ ಹುಡುಕಿದರು. ಮಾವನ ವರಸೆಯ ಇನ್ನೊಬ್ಬನಿಂದ ಮಾಡಿಸಬಹುದು, ಕಾಲ ಕೆಟ್ಟಿದೆ, ದೇವರು ಒಪ್ಪುತ್ತಾನೆ ಎಂದರು. ದೇವರು ಒಪ್ಪುತ್ತಿದ್ದನೇನೋ, ಅವ್ವ ಒಪ್ಪಲಿಲ್ಲ.

‘ನಂಜುಂಡ ಬದುಕವ್ನೆ. ಬದುಕಿರೋನ ಜಾಗಕ್ಕೆ ಬ್ಯಾರೆ ಕೈ ಇಕ್ಕುದ್ರೆ ಸತ್ತೋದ ಅಂತ ಟಾಂಟಾಂ ಹೊಡ್ದಂಗೆ. ನಾನು ಹೊಡೆಯಕಿಲ್ಲ.’

ಹಾಗಾದರೆ ಬರಹೇಳು ಎಂದರೆ ಅದೂ ಆಗುವುದಿಲ್ಲ. ಕರೆದರೆ ಅವಳು ಸೋತ ಹಾಗೆ. ಗಂಡಿನ ಮನೆಯವರು ಚಪ್ಪರ ಯಾವತ್ತೆಂದು ಎರಡು ಸಲ ಕೇಳಿ ಕಳಿಸಿದರು, ಮೂರನೆಯ ಸಲ ಬೇರೆ ಹೆಣ್ಣು ನೋಡುತ್ತೇವೆಂದು ಕಳಿಸುವ ಹಾಗಿದ್ದರು. ಗೌರಿ ಮೂಲೆಯಲ್ಲಿ ಅಳುತ್ತಿದ್ದಳು. ಆ ಹೊತ್ತಿಗೆ ಕೋಡಿಬೈಲಿನ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಸುದ್ದಿ ಬಂದಾಗ ಕೊಪ್ಪಲು ಹಿಗ್ಗಿತ್ತು. ನಂಜುಂಡ ತಲೆ ತಗ್ಗಿಸಿಕೊಂಡು ಬರುತ್ತಾನೆ ನೋಡಿ ಎಂದಿದ್ದರು. ಅವನು ಬಂದಿರಲಿಲ್ಲ.

ಬೇಸಿಗೆ ರಜ ಶುರುವಾದ ದಿನ ಅವ್ವ ನನ್ನನ್ನು ಹೊರಡಿಸಿದಳು. ಬೇಡಿಕೊಳ್ಳಲು ಹೋಗುತ್ತಿಲ್ಲ, ಕೆಲಸ ಹೇಳಲು ಹೋಗುತ್ತಿದ್ದೇನೆ ಎಂದು ಕೊಪ್ಪಲಿಗೆಲ್ಲ ಕೇಳುವ ಹಾಗೆ ಸಾರಿದಳು. ಅವಳ ಕೈಯಲ್ಲಿ ಒಂದು ದಪ್ಪ ಗಂಟು. ಗೋಣಿಯ ಮೇಲೆ ಹಳೆಯ ಸೀರೆ ಸುತ್ತಿ ಕಟ್ಟಿತ್ತು. ತಮ್ಮನಿಗೆ ತಿಂಡಿ ಇರಬೇಕೆಂದು ನಾನು ತಿಳಿದೆ. ಮಡಿಕೇರಿಯ ಬಸ್ಸಿನಲ್ಲಿ ಅದನ್ನು ನನ್ನ ತೊಡೆಯ ಮೇಲೆ ಇಟ್ಟಳು. ಹುಣಸೂರು ದಾಟುವಷ್ಟರಲ್ಲಿ ಪಂಚೆಯೆಲ್ಲ ಒದ್ದೆ. ಯಾವ ತಿಂಡಿ ಹೀಗೆ ನೀರು ಬಿಡುತ್ತದೆಂದು ಕೇಳಿದರೆ ಸುಮ್ಮನಿರು ಎಂದಳು. ದಾರಿಯಲ್ಲಿ ಬಸ್ಸು ನಿಂತ ಕಡೆಯೆಲ್ಲ ಚೊಂಬಿನಿಂದ ಅದರ ಮೇಲೆ ಇನ್ನಷ್ಟು ನೀರು ಚಿಮುಕಿಸಿದಳು. ಪಕ್ಕದ ಪ್ರಯಾಣಿಕರು ನನ್ನ ಪಂಚೆ ನೋಡಿ, ನನ್ನ ಮುಖ ನೋಡಿ, ಜರುಗಿ ಕೂತರು. ಕೋಟು ಪೇಟ ಧರಿಸಿದ ಸರ್ಕಾರಿ ಮೇಷ್ಟ್ರಿಗೆ ಅಂಥ ಅವಮಾನ ಎಂದೂ ಆಗಿರಲಿಲ್ಲ.

ಘಟ್ಟ ಇಳಿದು, ಮಂಗಳೂರಿನಲ್ಲಿ ಒಂದು ರಾತ್ರಿ ತಂಗಿ, ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಹೊಳೆ ದಾಟಲು ದೋಣಿ ಹತ್ತಿದೆವು. ಅಲ್ಲಿ ಸಮುದ್ರ ಕಂಡಿತು. ನಾನು ಪಾಠದಲ್ಲಿ ಹೇಳುತ್ತಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. ಅವ್ವ ಒಂದು ಗುಟುಕು ಬಾಯಿಗೆ ಹಾಕಿ ಉಗಿದು, ಇಷ್ಟು ನೀರು ಇಟ್ಟುಕೊಂಡು ಒಂದು ಚೊಂಬು ಕುಡಿಯಲಿಕ್ಕಿಲ್ಲವಲ್ಲ, ಇಂಥ ಊರಿಗೆ ಬಂದನಲ್ಲ ಇವನು ಎಂದಳು.

ಕೋಡಿಬೈಲು ಹೊಳೆ ಕಡಲು ಸೇರುವ ಕಡೆ ಇರುವ ಒಂದು ಹಿಡಿಯಷ್ಟು ಊರು. ಕಾರ್ಖಾನೆ ನಡೆಯುವಾಗ ಅಲ್ಲಿಗೆ ದೊಡ್ಡ ದೊಡ್ಡ ಹಾಯಿಹಡಗು ಬಂದು ಹೆಂಚು ತುಂಬಿಕೊಂಡು ಹೋಗುತ್ತಿದ್ದವಂತೆ. ಆಮೇಲೆ ಅಳಿವೆಯ ಬಾಯಿಗೆ ಮರಳು ಕಟ್ಟಿತು, ಹೊಳೆದಂಡೆಯ ಒಳ್ಳೆಯ ಮಣ್ಣೂ ಮುಗಿಯುತ್ತ ಬಂತು, ಹೆಂಚು ಕೇಳುವವರೂ ಕಡಿಮೆಯಾದರು, ಯಜಮಾನರು ಬೀಗ ಹಾಕಿಕೊಂಡು ಹೋದರು. ಉಳಿದದ್ದು ಎತ್ತರದ ಒಂದು ಚಿಮಣಿ ಮತ್ತು ಅದರ ನೆತ್ತಿಯಲ್ಲಿ ಹುಟ್ಟಿದ ಅರಳಿಗಿಡ. ಹೆಂಚು ಒಣಗಿಸುತ್ತಿದ್ದ ಉದ್ದನೆಯ ಅಟ್ಟಣೆಗಳ ಮೇಲೆ ಮೀನು ಒಣಗುತ್ತಿತ್ತು. ನೆಲದಲ್ಲೆಲ್ಲ ಹೆಂಚಿನ ಚೂರು. ದಾರಿಗೆ ಹೆಂಚಿನ ಚೂರು, ಬಾವಿಕಟ್ಟೆಗೆ ಹೆಂಚಿನ ಚೂರು, ಕಡಲು ದಡಕ್ಕೆ ತಂದು ಹಾಕುವುದೂ ಅಲೆಗೆ ಸವೆದ ಹೆಂಚಿನ ಚೂರು. ಕೂಗುವ ಸೀಟಿ ಇಲ್ಲದಿದ್ದರೂ ಜನ ಈಗಲೂ ಮೊದಲ ಸೀಟಿಗೆ ಎದ್ದೆ, ಎರಡನೇ ಸೀಟಿಗೆ ಉಂಡೆ ಎಂದೇ ಮಾತಾಡುತ್ತಿದ್ದರು.

ನಮ್ಮ ಒಲೆ ಆರಿಸಿದ ಊರು ಇದು. ಇದು ಹಾಳಾಗಿರುವುದನ್ನು ನೋಡಿ ಸಂತೋಷಪಡಬೇಕೆಂದೇ ನಾನು ಬಂದಿದ್ದೆ. ಒಂದಿಷ್ಟು ಸಂತೋಷ ಆಯಿತು ಕೂಡ. ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಕೆಲಸವಿಲ್ಲದೆ ಜಗಲಿಯ ಮೇಲೆ ಕೂತ ಗಂಡಸರ ಮುಖ ಥೇಟ್ ನಮ್ಮ ಕೊಪ್ಪಲಿನ ಗಂಡಸರ ಮುಖವೇ ಆಗಿತ್ತು.

ನಂಜುಂಡ ಮಾವನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಊರಿನಲ್ಲಿ ಗುಡಿಸಲು ಕೊಟ್ಟಿಗೆಗಳ ಮೇಲೂ ಕೊಕ್ಕರೆ ಹೆಂಚು. ತುದಿಯಲ್ಲಿ ಒಂದು ಮನೆ ಮಾತ್ರ, ಕಾರ್ಖಾನೆಯ ಗೋಡೆಗೆ ಅಂಟಿಕೊಂಡಂತೆ ಇದ್ದದ್ದು, ಕೊಳವೆ ಸೀಳಿದ ಕೈಹೆಂಚು ಹೊದ್ದಿತ್ತು. ನಮ್ಮ ನಾಡಹೆಂಚು. ಆ ಮಳೆಯ ಸೀಮೆಯಲ್ಲಿ, ಕೊಕ್ಕರೆಯ ಹೊಟ್ಟೆಯಡಿಯಲ್ಲೇ, ಅಂಥ ಮನೆ ಅದೊಂದೇ.

ಮಾವ ಅಂಗಳದಲ್ಲಿ ತಿಗುರಿಯ ಮುಂದೆ ಕೂತು ಕಳ್ಳಿನ ಮಡಕೆ ಮಾಡುತ್ತಿದ್ದ. ಕೂದಲು ಪೂರ್ತಿ ನರೆತಿತ್ತು. ಮದುವೆಯಾಗಿರಲಿಲ್ಲ. ಊರಿಗೆ ಸೇರದವನಿಗೆ ಹೆಣ್ಣು ಯಾರು ಕೊಡುತ್ತಾರೆ. ಅಕ್ಕನನ್ನು ಕಂಡ, ತಿಗುರಿ ತನ್ನಷ್ಟಕ್ಕೆ ತಿರುಗಿ ನಿಂತಿತು. ಅವ್ವ ಅವನ ಮುಖ ನೋಡಲಿಲ್ಲ. ಸೂರನ್ನೇ ನೋಡುತ್ತಾ ನಿಂತಳು. ಅಷ್ಟು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಇದು.

‘ಸೋರಕಿಲ್ವ?’

‘ಸೋರ್ತದೆ ಕಣಕ್ಕ. ಸೋರ್ಲಿ.’

ಆ ಊರಿನ ಮಳೆ ಎಂದರೆ ನಾಲ್ಕು ತಿಂಗಳು ಬಿಡದೆ ಸುರಿಯುತ್ತದಂತೆ. ಕಾರ್ಖಾನೆಯವರು ಕೆಲಸಗಾರರ ಮನೆಗೆಂದು ಬಿಟ್ಟಿಯಾಗಿ ಹೆಂಚು ಕೊಟ್ಟರೂ ಮಾವ ತೆಗೆದುಕೊಂಡಿರಲಿಲ್ಲ. ಹಗಲೆಲ್ಲ ಕೊಕ್ಕರೆ ಹೆಂಚು ಬೇಯಿಸುವುದು, ಸಂಜೆ ಮನೆಗೆ ಬಂದು ತನ್ನ ಸೂರಿಗೆ ಕೈಹೆಂಚು ಮಾಡುವುದು. ಊರೆಲ್ಲ ಹುಚ್ಚ ಎಂದಿತ್ತು. ಮಳೆಗಾಲದಲ್ಲಿ ಒಳಗೆ ಮಡಕೆ ಸಾಲಿಟ್ಟುಕೊಂಡು ನಡುವೆ ಮಲಗುತ್ತಿದ್ದನಂತೆ. ಪಕ್ಕದ ಮನೆಯ ರೆಜಿನಾಬಾಯಿ ಇದನ್ನೆಲ್ಲ ನಮಗೆ ಹೇಳಿ, ಈ ಜನಕ್ಕೆ ಎಂತ ಹಟವೋ ಮಾರಾಯ್ರೆ ಎಂದು ಕೈ ಮುಗಿದರು. ಅವರೂ ಅದೇ ಕಾರ್ಖಾನೆಯಲ್ಲಿ ಹೆಂಚು ಹೊತ್ತು ಬಾಳು ಕಳೆದ ಹೆಂಗಸು.

ಅವ್ವ ಬಂದ ಕೆಲಸ ಹೇಳಿದಳು. ಮಾವ ಕೈ ತೊಳೆದುಕೊಂಡು ಬಂದು, ಗೌರಿಯ ಐರಾಣಿ ಮಾಡುವುದಕ್ಕಿಂತ ದೊಡ್ಡ ಕೆಲಸ ತನಗಿಲ್ಲ ಎಂದ. ಆದರೆ ಇಲ್ಲಿಯ ಮಣ್ಣು ಉಪ್ಪಿನದು, ಕಳ್ಳಿಗೂ ಮೀನಿಗೂ ಸಾಕು, ಐರಾಣಿಗೆ ಕೊಪ್ಪಲಿನ ಕೆರೆಮಣ್ಣೇ ಬೇಕು. ಕೊಪ್ಪಲಿಗೆ ಬರಬೇಕಾದರೆ ಬರಬೇಡ ಎಂದ ಬಾಯೇ ಬಾ ಅನ್ನಬೇಕು. ಇಷ್ಟು ಹೇಳಿ ಸುಮ್ಮನೆ ಅಕ್ಕನ ಬಾಯಿ ನೋಡುತ್ತಾ ಕೂತ. ಗೌರಿಯ ಮದುವೆ ಆ ಒಂದು ಮಾತಿಗೆ ಬಂದು ನಿಂತಿತು. ಅನ್ನವ್ವ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ. ಅವ್ವ ಬಾಯಿ ತೆರೆಯಲಿಲ್ಲ. ಗಂಟು ತೆರೆದಳು.

ಸೀರೆಯ ಒಳಗೆ ಗೋಣಿ, ಗೋಣಿಯ ಒಳಗೆ ನಮ್ಮ ಕೆರೆಯ ಕಪ್ಪು ಮಣ್ಣು, ಇನ್ನೂ ತೇವವಾಗಿ.

‘ನೀನು ಬರಬ್ಯಾಡ ಬುಡು. ಮಣ್ಣೇ ಬಂದದೆ.’

ಮೈಸೂರಿನಿಂದ ಅರಬ್ಬೀ ಸಮುದ್ರದವರೆಗೆ ನನ್ನ ಪಂಚೆ ಕೆಡಿಸಿದ್ದು ಇದು. ಮಾವ ಒಂದು ಚಿಟಿಕೆ ತೆಗೆದು ಮೂಸಿದ, ನಾಲಿಗೆಗೆ ಹಚ್ಚಿಕೊಂಡ. ಆಮೇಲೆ ತುಂಬ ಹೊತ್ತು ನಮಗೆ ಬೆನ್ನು ತಿರುಗಿಸಿ ಮಣ್ಣು ತುಳಿಯುತ್ತಾ ಇದ್ದ.

ಮಡಕೆಗಳಾದವು, ನೆರಳಲ್ಲಿ ಒಣಗಿದವು. ಅಷ್ಟು ದಿನವೂ ಅಕ್ಕ ತಮ್ಮ ನೇರವಾಗಿ ಮಾತಾಡಲಿಲ್ಲ. ನಿಮ್ಮವ್ವನಿಗೆ ಹೇಳು ಎಂದು ಮಾವ, ನಿಮ್ಮ ಮಾವನಿಗೆ ಕೇಳು ಎಂದು ಅವ್ವ. ಮೂರು ಮಾರು ದೂರಕ್ಕೆ ನಾನು ಅಂಚೆಯಾಳಾದೆ. ಸುಡುವ ದಿನ ಬಂದಾಗ ಮಾವ ಹಿತ್ತಲಿನ ತನ್ನ ಸಣ್ಣ ಆವಿಗೆಗೆ ಸೌದೆ ಒಟ್ಟತೊಡಗಿದ. ಅವ್ವ ಎದ್ದು ನಿಂತು, ನನ್ನನ್ನು ನಡುವೆ ಬಿಟ್ಟು, ತಾನೇ ಹೇಳಿದಳು.

‘ನಮ್ಮ ಆವಿಗೆ ನುಂಗಿದ ಒಲೆ ಇದೇ ಗ್ವಾಡೆ ಹಿಂದೆ ತಾನೆ ಇರದು? ನನ್ನ ಮಗಳ ಐರಾಣಿ ಅದ್ರಲ್ಲೇ ಬೇಯ್ಬೇಕು.’

ಮಾವ ಅಕ್ಕನನ್ನೇ ನೋಡಿದ. ಆಮೇಲೆ ನಕ್ಕ. ಅಷ್ಟು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಕಾರ್ಖಾನೆಗೆ ಒಬ್ಬ ಮುದುಕ ಕಾವಲಿದ್ದ. ಯಜಮಾನರ ಅಪ್ಪಣೆ ಇಲ್ಲದೆ ಹೆಂಚು ಸುಡುವ ಗೂಡಿಗೆ ಬೆಂಕಿ ಹಾಕುವಂತಿಲ್ಲ ಎಂದ. ಮಾವ ವಾದ ಮಾಡಲಿಲ್ಲ, ಸೌದೆಯ ಹೊರೆ ಇಳಿಸಿ ಅವನ ಪಕ್ಕದಲ್ಲಿ ಕೂತು ಎಲೆಅಡಿಕೆ ಕೊಟ್ಟ. ಮುದುಕ ಅಗಿದು ಮುಗಿಸಿ, ನಾನು ಈಗ ಸ್ವಲ್ಪ ಹೊತ್ತು ಕಡಲಿನ ಕಡೆ ನೋಡುತ್ತೇನೆ ಎಂದು ತಿರುಗಿ ಕೂತ. ಆ ದೊಡ್ಡ ಗೂಡಿನಲ್ಲಿ ಸಾವಿರಾರು ಹೆಂಚು ಹಿಡಿಯುವ ಕೋಣೆಗಳಿದ್ದವು. ಕೊನೆಯ ಒಂದು ಕೋಣೆಯ ಮೂಲೆಯಲ್ಲಿ ನಮ್ಮ ನಾಲ್ಕಾರು ಮಡಕೆಗಳನ್ನಿಟ್ಟು ಮಾವ ಬೆಂಕಿ ಕೊಟ್ಟ. ಚಿಮಣಿ ಗುಂಯ್ ಎಂದು ಉಸಿರೆಳೆದುಕೊಂಡಿತು. ಅರಳಿಗಿಡದ ಸಂದಿನಿಂದ ಕಪ್ಪು ಹೊಗೆ ಎದ್ದು ಆಕಾಶಕ್ಕೆ ಹೋಯಿತು.

ಇದರಿಂದ ಏನಾಗುತ್ತದೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಮಡಕೆ ಸುಡುವವರಿಗೆ ಹೊಗೆ ಎಂದರೆ ಹೊಗೆ ಅಷ್ಟೇ. ಆ ಊರಿಗೆ ಹಾಗಲ್ಲ. ಸ್ವಲ್ಪ ಹೊತ್ತಿಗೆಲ್ಲ ಹೆಂಗಸರು ಓಡಿ ಬಂದರು. ಒಬ್ಬೊಬ್ಬರ ಕೈಯಲ್ಲೂ ಹೊರೆ ಹೊರುವ ಸಿಂಬೆ. ಗಂಡಸರು ಅಂಗಿ ತೊಡುತ್ತಲೇ ಬಂದರು. ಹೊಳೆಯಾಚೆಯಿಂದಲೂ ದೋಣಿ ಹೊರಟಿತು. ಕಾರ್ಖಾನೆ ತೆರೆಯಿತೆಂದು ತಿಳಿದು ಬಂದವರು, ಗೂಡಿನ ಬಾಯಲ್ಲಿ ಮೈಸೂರಿನ ಒಬ್ಬ ವಿಧವೆ, ಒಬ್ಬ ಪೇಟದ ಮೇಷ್ಟ್ರು, ತಮ್ಮ ಹುಚ್ಚ ನಂಜುಂಡ ಕೂತಿರುವುದನ್ನು ಕಂಡು ನಿಂತುಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಮಾವ ವಿಷಯ ಹೇಳಿದ. ರೆಜಿನಾಬಾಯಿ ತಲೆಯೆತ್ತಿ ಚಿಮಣಿಯನ್ನು ನೋಡಿದರು, ಸಿಂಬೆಯನ್ನು ನೆಲಕ್ಕಿಟ್ಟು ಅದರ ಮೇಲೆ ಕೂತರು.

‘ಹೊಗೆ ಬಂತಲ್ಲ, ಅಷ್ಟು ಸಾಕು. ನಾವು ಸತ್ತಿಲ್ಲ ಅಂತ ಹೊಳೆಯಾಚೆಯವರಿಗೆ ಗೊತ್ತಾಗಲಿ.’

ಉಳಿದವರೂ ಕೂತರು. ಅವ್ವ ಚೀಲದಲ್ಲಿದ್ದ ಪುರಿ ಕಡಲೆಯನ್ನೆಲ್ಲ ಹಂಚಿದಳು. ಮರುದಿನ ಗೂಡು ಆರಿದ ಮೇಲೆ ಮಡಕೆ ಹೊರತೆಗೆದಾಗ ನಾನು ಕೈ ಚಾಚಿದೆ. ಹೆಂಗಸರು ಬಿಡಲಿಲ್ಲ. ತಲೆಗೆ ಸಿಂಬೆ ಇಟ್ಟು, ಒಬ್ಬೊಬ್ಬರು ಒಂದೊಂದು ಮಡಕೆ ಹೊತ್ತು, ಗೂಡಿನಿಂದ ದೋಣಿ ನಿಲ್ಲುವ ಕಟ್ಟೆಯವರೆಗೆ ಹಿಂದೆ ಹೆಂಚು ಸಾಗಿಸುತ್ತಿದ್ದ ಅದೇ ದಾರಿಯಲ್ಲಿ ಸಾಲಾಗಿ ನಡೆದರು. ಮದುವೆಯ ವಾದ್ಯ ಒಂದಿರಲಿಲ್ಲ ಅಷ್ಟೇ. ಅಷ್ಟು ಹೆಮ್ಮೆಯ ಐರಾಣಿ ಮೆರವಣಿಗೆಯನ್ನು ನಾನು ಮೈಸೂರಿನಲ್ಲೂ ಕಂಡಿಲ್ಲ.

ದೋಣಿಯಲ್ಲಿ ಮಡಕೆಗಳನ್ನು ಹುಲ್ಲಿನ ಮೇಲೆ ಕೂರಿಸಿದೆವು. ಮಾವ ದಡದಲ್ಲೇ ನಿಂತ. ಮದುವೆಗೆ ಬಾ ಎಂದು ನಾನು ಕರೆದೆ. ಅವನು ನನ್ನ ಮಾತು ಕೇಳಿಸದವನ ಹಾಗೆ ಅಕ್ಕನನ್ನೇ ನೋಡುತ್ತಿದ್ದ. ದೋಣಿಯವನು ಜಲ್ಲೆ ಊರಿದ. ಅವ್ವ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು. ಎರಡು ಮಾರು ದೂರ ಬಂದೆವು. ಆಗ ತಿರುಗಿ, ಯಾರಿಗೋ ಹೇಳುವವಳ ಹಾಗೆ ಹೇಳಿದಳು.

‘ಮನೆ ಸೋರ್ತಾ ಅದೆ. ಹೆಂಚು ಕೈಯಾಡ್ಸಕ್ಕೆ ಒಬ್ರೂ ಸಿಕ್ಕಕಿಲ್ಲ.’

ನಾನು ಅವಳ ಮುಖ ನೋಡಿದೆ. ನಮ್ಮ ಮನೆಯ ಸೂರು ಅಪ್ಪನ ಕೈಯದು. ಅದು ಸೋರಿದ ದಿನವೇ ಇರಲಿಲ್ಲ. ಇನ್ನು ಕುಂಬಾರಕೊಪ್ಪಲಿನಲ್ಲಿ ಹೆಂಚು ಕೈಯಾಡಿಸುವವರು ಸಿಕ್ಕುವುದಿಲ್ಲವೆಂದರೆ ಅದನ್ನು ಕೇಳಿ ನಮ್ಮ ಬೀದಿಯ ಮೇಕೆಯೂ ನಗುತ್ತದೆ. ಹುಟ್ಟಿದಾಗಿನಿಂದ ಅವ್ವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಚಪ್ಪರದ ಹಿಂದಿನ ದಿನ ಮಾವ ಬಂದ. ಬಂದವನು ಮೊದಲು ಕಾಲು ತೊಳೆಯಲು ಬಚ್ಚಲಿಗೆ ಹೋದ. ಅಲ್ಲಿ ತಾನು ಕಳಿಸಿದ ಹೆಂಚು ಕಂಡಿತು. ನಾನು ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಮಾವ ಅರ್ಧ ಸವೆದ ಕೊಕ್ಕರೆಯನ್ನು ನೋಡಿದ, ತನ್ನ ಹಿಮ್ಮಡಿಯನ್ನು ಅದರ ಮೇಲಿಟ್ಟು ಚೆನ್ನಾಗಿ ಉಜ್ಜಿದ, ಉಜ್ಜಲು ಒಳ್ಳೆಯ ಹೆಂಚು ಎಂದು ಹೊರಗೆ ಬಂದ. ಗೌರಿಯ ಮದುವೆ ಆಯಿತು. ಐರಾಣಿಯನ್ನು ನೋಡಿದ ಹಿರಿಯರು ಬೆರಳಲ್ಲಿ ತಟ್ಟಿ, ಇವನ ಕೈ ಹೋಗಿಲ್ಲ ಎಂದರು.

ಮದುವೆ ಮುಗಿದ ಮರುದಿನ ಮಾವ ಸೂರು ಹತ್ತಿದ. ಏಣಿ ಹಿಡಿದವನು ನಾನು. ಸಾಲು ಸಾಲಾಗಿ ಹೆಂಚು ಎತ್ತಿ ನೋಡಿದ. ಒಡೆದದ್ದಿಲ್ಲ, ಜರುಗಿದ್ದಿಲ್ಲ. ಸೋರಲು ಒಂದು ಸಂದಿಲ್ಲ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ಮಾವ ಸ್ವಲ್ಪ ಹೊತ್ತು ಸೂರಿನ ನೆತ್ತಿಯ ಮೇಲೆ ಕೂತು ಕೊಪ್ಪಲನ್ನೆಲ್ಲ ನೋಡಿದ. ಆಮೇಲೆ ಪಡಸಾಲೆಯ ನೇರಕ್ಕೆ ಬಂದು, ಒಂದು ಹೆಂಚನ್ನು ಹಿಡಿದು, ಎರಡು ಬೆರಳಷ್ಟು ಜರುಗಿಸಿ, ಇಳಿದು ಬಂದ.

ಅಕ್ಕನ ಮಾತನ್ನು ಸುಳ್ಳು ಮಾಡಲು ಅವನಿಗೆ ಮನಸ್ಸಾಗಲಿಲ್ಲ.

ಆ ವರ್ಷದ ಮೊದಲ ಮಳೆಗೆ ಪಡಸಾಲೆಯಲ್ಲಿ ಹನಿ ಬಿತ್ತು. ಅವ್ವ ಅದರಡಿಗೆ ಒಂದು ಮಡಕೆ ಇಟ್ಟು, ಸೋರುತ್ತದೆ ಅಂತ ಹೇಳಿರಲಿಲ್ಲವೇ ಎಂದು ಬಂದವರಿಗೆಲ್ಲ ತೋರಿಸಿದಳು. ಸೋರಿದ ಮೇಲೆ ಮುಂದಿನ ವರ್ಷ ಕೈಯಾಡಿಸಬೇಕಾಯಿತು. ಮಾವ ಬಂದ. ಎಲ್ಲ ಸರಿಮಾಡಿ ಆ ಒಂದು ಹೆಂಚನ್ನು ಹಾಗೇ ಬಿಟ್ಟ. ಅದರ ಮುಂದಿನ ವರ್ಷವೂ ಬಂದ. ಬಾ ಎಂದು ಅವ್ವ ಒಮ್ಮೆಯೂ ಕರೆಯಲಿಲ್ಲ, ತಪ್ಪಾಯಿತೆಂದು ಅವನು ಒಮ್ಮೆಯೂ ಹೇಳಲಿಲ್ಲ. ಕೋಡಿಬೈಲಿನ ತನ್ನ ಸೋರುವ ಮನೆಯನ್ನು ಬಿಟ್ಟು ಬಂದು ಇಲ್ಲೇ ಇರು ಎಂದು ನಾನು ಹೇಳಿದಾಗ ಇಬ್ಬರೂ ಸೇರಿ ನನ್ನನ್ನು ಗದರಿಸಿದರು. ಈ ವರ್ಷ ಮಳೆಗಾಲಕ್ಕೆ ಮುಂಚೆ ಮಾವ ಬರಲಿಲ್ಲ. ರೆಜಿನಾಬಾಯಿಯ ಮಗ ಸುದ್ದಿ ತಂದ. ಆ ಕೈಹೆಂಚಿನ ಕೆಳಗೇ, ತನ್ನ ಹಾಸಿಗೆಯಲ್ಲೇ ಹೋದನಂತೆ.

ಇಷ್ಟು ಹೇಳುವಷ್ಟರಲ್ಲಿ ಸುಬ್ಬರಾಯರ ಕಾಫಿ ತಣ್ಣಗಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಈ ಸಲ ಹನಿ ಬಿದ್ದಿರಲಿಲ್ಲ. ಆದರೂ ಲೆಕ್ಕದ ಮೇಷ್ಟ್ರು, ಉಳಿದದ್ದನ್ನು ಉಳಿಯಲು ಬಿಡುವವರಲ್ಲ. ಈಗ ಯಾರೂ ಬರಬೇಕಾಗಿಲ್ಲವಲ್ಲ, ಈಗಲಾದರೂ ಸರಿಮಾಡಬಹುದಲ್ಲ ಎಂದು ಮೆಲ್ಲಗೆ ಕೇಳಿದರು.

ಒಳಗಿನಿಂದ ಅವ್ವ ಬಂದಳು. ನಡು ಬಗ್ಗಿದೆ, ಕಿವಿ ಚುರುಕಾಗಿದೆ. ತುಂಬಿದ್ದ ಮಡಕೆಯ ನೀರನ್ನು ಅಂಗಳಕ್ಕೆ ಚೆಲ್ಲಿ, ತಂದು ಮತ್ತೆ ಹನಿಯ ನೇರಕ್ಕೆ ಇಟ್ಟಳು. ಸುಬ್ಬರಾಯರ ಕೈಯಿಂದ ಕೊಡೆಯನ್ನು ತೆಗೆದು ಮೂಲೆಗೆ ಒರಗಿಸಿದಳು.

‘ಸೋರ್ತದೆ ಸ್ವಾಮಿ’ ಎಂದಳು. ‘ಸೋರ್ಲಿ ಬುಡಿ.’